ಕಾಲೇಜು ಆಟಗಾರರಿಗೆ ಸಂಬಳ: ಮನೆ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ (ಹಾಸನ): ಮೇಲೆ ಹಾಕಿದ ಸುದ್ದಿ ಓದಿದಿರಾ? ಅಮೆರಿಕದಲ್ಲಿ 2025ರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ದುಡ್ಡು ಕೊಡಬಹುದಂತೆ. ಒಂದೊಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ! ಓದೋಕೆ ಹೋದ ಮಕ್ಕಳಿಗೆ ಸಂಬಳವಾ? ನಾನು ಕಾಲೇಜಿಗೆ ಕಬಡ್ಡಿ ಆಡಿದಾಗ ಸಿಕ್ಕಿದ್ದು ಬಸ್ ಚಾರ್ಜು, ಒಂದು ಬನಿಯನ್ನು. ಅದಕ್ಕೇ ಎಷ್ಟು ಖುಷಿ ಇತ್ತು.

ಪುಟ್ಟ (ಬೆಂಗಳೂರು): ದೊಡ್ಡಪ್ಪ, ನಿಮ್ಮ ಕಬಡ್ಡಿಗೆ ಟಿಕೆಟ್ ಇರಲಿಲ್ಲ ಅಲ್ವಾ? ಮಿಷಿಗನ್ ಯೂನಿವರ್ಸಿಟಿ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಟಿವಿ ಹಕ್ಕಿನ ದುಡ್ಡು ಬೇರೆ. ಅಲಬಾಮಾ ಯೂನಿವರ್ಸಿಟಿಯ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಹಿಡಿದು ಡಿಕ್ಕಿ ಹೊಡೆದಾಡುವ ಅಮೆರಿಕದ ಆಟ) ಕೋಚ್ ನಿಕ್ ಸೇಬನ್ ಕೊನೆಕೊನೆಗೆ ವರ್ಷಕ್ಕೆ 1 ಕೋಟಿ ಡಾಲರ್‌ಗೂ ಮೇಲೆ ತೆಗೆದುಕೊಳ್ಳುತ್ತಿದ್ದರು. 2014ರಲ್ಲಿ ಕನೆಕ್ಟಿಕಟ್ ಬ್ಯಾಸ್ಕೆಟ್‌ಬಾಲ್ ಟೀಮನ್ನು ಗೆಲ್ಲಿಸಿದ ಶಬಾಜ್ ನೇಪಿಯರ್ ಏನು ಹೇಳಿದರು ಗೊತ್ತಾ? ಕೆಲವು ರಾತ್ರಿ ಹಸಿದುಕೊಂಡೇ ಮಲಗಿದ್ದೆ ಅಂತ.

ದೊಡ್ಡಪ್ಪ: ಫೀಸು, ಹಾಸ್ಟೆಲ್ಲು ಎಲ್ಲ ಫ್ರೀ ಅಲ್ಲವೇನೋ? ಸಾಲ ಮಾಡಿ ಮಕ್ಕಳನ್ನು ಅಲ್ಲಿಗೆ ಕಳಿಸಿದವರನ್ನು ಕೇಳು, ಆ ಫೀಸು ಎಷ್ಟು ಅಂತ. ಕೈಗೆ ದುಡ್ಡು ಬಂದ ಮೇಲೆ ಓದು ಯಾರಿಗೆ ಬೇಕು?

ಚಿಕ್ಕಮ್ಮ (ಓಹಿಯೊ): ಭಾವ, ನನ್ನ ಚಿಂತೆಯೇ ಬೇರೆ. ನಮ್ಮವಳು ಕಾಲೇಜಿಗೆ ಈಜುತ್ತಾಳಲ್ಲ, ಬೆಳಿಗ್ಗೆ ಐದೂವರೆಗೆಲ್ಲ ನೀರಲ್ಲಿರುತ್ತಾಳೆ. ಇಲ್ಲಿ ದುಡ್ಡು ತರುವುದು ಫುಟ್‌ಬಾಲು, ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲು. ಉಳಿದ ಆಟಗಳು ಬಹಳ ಕಡೆ ಅದರಲ್ಲೇ ನಡೆಯುತ್ತವೆ. ಹಿಂದೆ ಆಡಿದವರಿಗೆ ಹಳೇ ಬಾಕಿ ಅಂತ ಕೊಡಲು ಕೋರ್ಟ್ ರಾಜಿಯಲ್ಲಿ ಒಪ್ಪಿರುವ 280 ಕೋಟಿ ಡಾಲರ್‌ನಲ್ಲೂ ಹೆಚ್ಚುಕಮ್ಮಿ ಹತ್ತರಲ್ಲಿ ಒಂಬತ್ತು ಪಾಲು ಆ ಎರಡು ಆಟದವರಿಗೇ. ನಾಳೆ ಖರ್ಚು ಜಾಸ್ತಿ ಆಯಿತು ಅಂತ ಈಜು ಟೀಮನ್ನೇ ಮುಚ್ಚಿಬಿಟ್ಟರೆ?

ಪುಟ್ಟ: ನಿಮ್ಮ ಭಯ ಅರ್ಥ ಆಗುತ್ತದೆ ಚಿಕ್ಕಮ್ಮ. ಆದರೆ ಈಜು ಉಳಿಸುವ ಭಾರ ತಲೆಗೆ ಏಟು ತಿಂದು ಆಡುವ ಹುಡುಗನ ಮೇಲೆ ಯಾಕೆ? ಕೋಚ್ ಸಂಬಳದಲ್ಲಿ ಕಡಿಮೆ ಮಾಡಲಿ.

ಇನ್ನೊಂದು ವಿಷಯ ಎಲ್ಲರೂ ಓದಿ. 'ಸ್ಟೂಡೆಂಟ್ ಅಥ್ಲೀಟ್', ಅಂದರೆ ಆಟಗಾರ ವಿದ್ಯಾರ್ಥಿಯೇ ಹೊರತು ಕೆಲಸಗಾರ ಅಲ್ಲ ಅನ್ನುವ ಮಾತು ಚಾಲ್ತಿಗೆ ಬಂದದ್ದು 1950ರ ದಶಕದಲ್ಲಿ. ಪೆಟ್ಟಾದ ಆಟಗಾರರು ಕೆಲಸಗಾರರಿಗೆ ಸಿಗುವ ಪರಿಹಾರ ಕೇಳಬಾರದು ಅಂತ. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಮುಂದೆ ತಾವೇ ಹೀಗೆ ಬರೆದರು. 1955ರಲ್ಲಿ ಕೊಲರಾಡೊದ ರೇ ಡೆನಿಸನ್ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಹೋದರು. ಹೆಂಡತಿ ಪರಿಹಾರ ಕೇಳಿದರು. ಕಾಲೇಜಿಗೆ ಫುಟ್‌ಬಾಲ್ ವ್ಯಾಪಾರ ಅಲ್ಲ ಅಂತ 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಪರಿಹಾರ ಸಿಗಲಿಲ್ಲ.

ದೊಡ್ಡಪ್ಪ: ಅಯ್ಯೋ, ಇದು ಗೊತ್ತಿರಲಿಲ್ಲ ಕಣೋ. ಈಗ ಹೇಗೆ? ಓದು ಮುಗಿದ ಮೇಲೆ ಮಂಡಿ ಕೈಕೊಟ್ಟರೆ ಯಾರು ನೋಡುತ್ತಾರೆ?

ಚಿಕ್ಕಮ್ಮ: 2024ರ ಆಗಸ್ಟ್‌ನಿಂದ ನಿಯಮ ಬಂದಿದೆ ಭಾವ. ಡಿವಿಷನ್ 1, ಅಂದರೆ ಎನ್‌ಸಿಎಎಯ ಎಲ್ಲಕ್ಕಿಂತ ಮೇಲಿನ ದರ್ಜೆಯ ಕಾಲೇಜುಗಳು ಆಟದಲ್ಲಿ ಆದ ಪೆಟ್ಟಿಗೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಆಸ್ಪತ್ರೆ ಖರ್ಚು ನೋಡಿಕೊಳ್ಳಬೇಕು.

ದೊಡ್ಡಪ್ಪ: ಎರಡು ವರ್ಷವಾ? ನನ್ನ ಮಂಡಿಗೆ ಏಟು ಬಿದ್ದದ್ದು ಇಪ್ಪತ್ತರಲ್ಲಿ. ಆಪರೇಷನ್ ಆದದ್ದು ಅರವತ್ತೊಂದರಲ್ಲಿ. ಸಂಬಳದ ಮಾತು ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ಈ ಎರಡು ವರ್ಷ ಏನೇನೂ ಸಾಲದು.