ಸಹಾಯ ಬೇಕು: ವೀಕ್ ಸೆಲ್ಫ್ ಹಾಕಿದರೂ ಡೀಇನಿಟ್ ಆಗುತ್ತಿಲ್ಲ

ಸ್ವಿಫ್ಟ್ ಭಾಷೆಯಲ್ಲಿ ಐಫೋನ್ ಆ್ಯಪ್ ಬರೆಯುತ್ತಿದ್ದೇನೆ. ಡೌನ್‌ಲೋಡ್ ಮುಗಿದಾಗ ಓಡುವ ಕ್ಲೋಷರ್‌ನಲ್ಲಿ (ಆಮೇಲೆ ಓಡಿಸಲು ಕೊಟ್ಟಿಡುವ ಕೋಡ್ ತುಂಡು) ವೀಕ್ ಸೆಲ್ಫ್ ಹಾಕಿ (ಅಂದರೆ ಸೆಲ್ಫ್ ಎಂಬ ಈ ಪರದೆಯ ಆಬ್ಜೆಕ್ಟನ್ನು ಮೆಮೊರಿಯಲ್ಲಿ ಹಿಡಿದಿಡದ ರೆಫರೆನ್ಸ್), ಮೊದಲ ಸಾಲಿನಲ್ಲೇ ಗಾರ್ಡ್ ಲೆಟ್ ಸೆಲ್ಫ್ (ಆಬ್ಜೆಕ್ಟ್ ಇನ್ನೂ ಇದ್ದರಷ್ಟೇ ಮುಂದುವರಿಯುವ ಸಾಲು) ಬರೆದಿದ್ದೇನೆ. ಅದರೊಳಗೆ, ಸೆಕೆಂಡಿಗೊಮ್ಮೆ ಲೇಬಲ್ ಬದಲಿಸುವ ಟೈಮರ್ ಶುರುವಾಗುತ್ತದೆ. ಅದರ ಕ್ಲೋಷರ್‌ನಲ್ಲಿ ಬರೀ ಸೆಲ್ಫ್ ಇದೆ. ಪರದೆ ಮುಚ್ಚಿದರೂ ಡೀಇನಿಟ್ (ಆಬ್ಜೆಕ್ಟ್ ಮೆಮೊರಿಯಿಂದ ಹೋಗುವಾಗ ಓಡುವ ಕೋಡ್) ಓಡುವುದೇ ಇಲ್ಲ. ಪರದೆಯನ್ನು ಮತ್ತೆ ಮತ್ತೆ ತೆರೆದಂತೆ ಮೆಮೊರಿ ಏರುತ್ತಲೇ ಹೋಗುತ್ತದೆ.

ಟೈಮರ್ ಸಾಲು ತೆಗೆದರೆ ಎಲ್ಲ ಸರಿ. ಹೊರಗಿನ ವೀಕ್ ಬದಲು ಅನ್‌ಓನ್ಡ್ (ಆಬ್ಜೆಕ್ಟ್ ಇದ್ದೇ ಇರುತ್ತದೆಂದು ನಂಬುವ, ಹಿಡಿದಿಡದ ರೆಫರೆನ್ಸ್) ಹಾಕಿ ನೋಡಿದೆ; ಡೌನ್‌ಲೋಡ್ ಮುಗಿಯುವ ಮೊದಲೇ ಪರದೆ ಮುಚ್ಚಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಸಿಗುವ ಉದಾಹರಣೆಗಳೆಲ್ಲ ಒಂದೇ ಕ್ಲೋಷರ್‌ಗೆ ನಿಂತುಬಿಡುತ್ತವೆ, ಅದೇ ಸಿಟ್ಟು.

ಗಾರ್ಡ್ ಲೆಟ್ ಆದ ಮೇಲಿನ ಸೆಲ್ಫ್ ಸ್ಟ್ರಾಂಗ್, ಅಂದರೆ ಆಬ್ಜೆಕ್ಟನ್ನು ಹಿಡಿದಿಡುವ ರೆಫರೆನ್ಸ್, ಎಂದು ಗೊತ್ತು. ಒಳಗಿನ ಕ್ಲೋಷರ್ ಹಿಡಿದುಕೊಳ್ಳುವುದು ಅದನ್ನೋ, ಹೊರಗಿನ ವೀಕ್ ರೆಫರೆನ್ಸನ್ನೋ? ಒಳಗೂ ವೀಕ್ ಸೆಲ್ಫ್ ಬರೆದು, ಡೀಇನಿಟ್‌ನಲ್ಲಿ ಟೈಮರ್ ನಿಲ್ಲಿಸಿದರೆ ಸಾಕೇ?