ಸಂಘದ ಸಾಲದಿಂದ ಮನೆಗೆ ಏನಾಯಿತು ಅಂತ ಅಳೆಯೋದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ: ಗೌರಿಬಿದನೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಟ್ರಸ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಗೌರಿಬಿದನೂರು, ಬಾಗೇಪಲ್ಲಿ ಕಡೆ ಮಹಿಳಾ ಸಂಘಗಳ ಮೂಲಕ ಅಡಮಾನವಿಲ್ಲದೆ ಸಣ್ಣ ಸಾಲ ಕೊಡುವ ಒಂದು ಮೈಕ್ರೋಫೈನಾನ್ಸ್ ಸಂಸ್ಥೆಯಿಂದ ಸಾಲ ಪಡೆದ 150 ಮನೆಗಳಿಗೆ ಹೋಗಿ, ಆ ಸಾಲದಿಂದ ಅವರ ಬದುಕು ಎಷ್ಟು ಬದಲಾಗಿದೆ ಅಂತ ವರದಿ ಕೊಡಬೇಕು. ಕೈಗೆ ಕೊಟ್ಟಿರುವ ಫಾರಂನಲ್ಲಿ ‘ಸಾಲ ಪಡೆದ ನಂತರ ಆದಾಯ ಹೆಚ್ಚಾಗಿದೆಯೇ? ಹೌದು / ಇಲ್ಲ’ ಅಂತ ಇದೆ. ಮೊದಲ ದಿನ ಹನ್ನೆರಡು ಮನೆ ಮುಗಿಸಿದೆ. ಹನ್ನೆರಡರಲ್ಲೂ ‘ಹೌದು’. ಒಂದು ಮನೆಯಲ್ಲಿ ಮಾತ್ರ ಆ ಅಮ್ಮ, “ಹೌದು ಅಂತ ಬರ್ಕೊಳ್ಳಿ ಮೇಡಂ, ಮುಂದಿನ ಲೋನ್ ಯಾವಾಗ ಕೊಡ್ತೀರಾ?” ಅಂದರು. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಕಂತು ಸರಿಯಾಗಿ ಬರುತ್ತಿದೆ, ಅಂದ ಮೇಲೆ ಜನ ಚೆನ್ನಾಗಿಯೇ ಇದ್ದಾರೆ ಅಂತ ನಮ್ಮ ಸಾರ್ ಹೇಳುತ್ತಾರೆ. ಹಾಗೆ ಬರೆಯಬಹುದಾ? ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?

ಚಿಂತಾಮಣಿಯಿಂದ (ಹಿಂದೆ ಫೀಲ್ಡ್ ಆಫೀಸರ್ ಆಗಿದ್ದವನು)

ಮೇಡಂ, ದಯವಿಟ್ಟು ಹಾಗೆ ಬರೆಯಬೇಡಿ. ಆರು ವರ್ಷ ಊರೂರು ಸುತ್ತಿ ಕಂತು ಎತ್ತಿದವನು ಹೇಳುತ್ತಿದ್ದೇನೆ.

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೆಂಟರ್ ಇತ್ತು, ಅಂದರೆ ಸಂಘದವರೆಲ್ಲ ಸೇರಿ ಕಂತು ಕಟ್ಟುವ ಜಾಗ. ಅಲ್ಲಿನ ಲೀಡರ್ ಅಕ್ಕ ಒಂದು ವಾರವೂ ಕಂತು ತಪ್ಪಿಸಿದವರಲ್ಲ. ಮೀಟಿಂಗ್ ಶುರುವಾಗುವ ಮುಂಚೆಯೇ ನೋಟು ಮಡಚಿ ಇಟ್ಟಿರುತ್ತಿದ್ದರು. ಒಂದು ಸಲ ಅವರ ಪಾಸ್‌ಬುಕ್ ನನ್ನ ಬ್ಯಾಗಿನಲ್ಲೇ ಉಳಿದುಹೋಯಿತು. ವಾಪಸ್ ಕೊಡೋಣ ಅಂತ ಕಂತಿಲ್ಲದ ದಿನ ಹೋದೆ. ರೇಷ್ಮೆ ಹುಳು ಮನೆಯಲ್ಲಿ ಕೂತು ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ಗೂಡು ಬಿಡಿಸುತ್ತಿದ್ದರು. ಕಿವಿ ನೋಡಿದೆ. ಓಲೆ ಇರಲಿಲ್ಲ, ತೂತು ಮುಚ್ಚದಿರಲಿ ಅಂತ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಿದ್ದರು. ನಾನೇನೂ ಕೇಳಲಿಲ್ಲ. ಅವರೇ ಬೇಳೆ ಡಬ್ಬಿಯಿಂದ ನಾಲ್ಕು ಗಿರವಿ ಚೀಟಿ ತೆಗೆದು ತೋರಿಸಿದರು. ಒಂದೇ ಜೊತೆ ಓಲೆ, ನಾಲ್ಕು ಸಲ ಅಂಗಡಿಗೆ ಹೋಗಿ ಬಂದಿತ್ತು. ಗೂಡಿನ ದುಡ್ಡು ಬಂದಾಗ ಬಿಡಿಸುವುದು, ಬೆಳೆ ಕೈಕೊಟ್ಟಾಗ ಮತ್ತೆ ಇಡುವುದು. ನಮ್ಮ ಕಂಪ್ಯೂಟರಿನಲ್ಲಿ ಆ ಮನೆ ಅಷ್ಟೂ ದಿನ ‘ಉತ್ತಮ ಗ್ರಾಹಕರು’.

ಅದಕ್ಕೇ ‘ಆದಾಯ ಹೆಚ್ಚಾಯಿತಾ’ ಅಂತ ಕೇಳಬೇಡಿ. ‘ಹೋದ ವಾರದ ಕಂತಿನ ದುಡ್ಡು ಎಲ್ಲಿಂದ ಬಂತು?’ ಅಂತ ಕೇಳಿ. ಅದರ ಹಿಂದಿನ ವಾರದ್ದು? ಡೈರಿ ಬಟವಾಡೆಯಿಂದಾ, ಕೂಲಿಯಿಂದಾ, ಪಕ್ಕದ ಮನೆಯ ಕೈಸಾಲದಿಂದಾ, ಇನ್ನೊಂದು ಸಂಘದ ಸಾಲದಿಂದಾ? ಒಂದು ಸಾಲ ತೀರಿಸಲು ಇನ್ನೊಂದು ತಂದಿದ್ದರೆ ಅಲ್ಲಿಗೆ ನಿಮಗೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ, ಕಂತಿಗೋಸ್ಕರ ಮನೆಯಲ್ಲಿ ಏನು ನಿಂತಿತು ಅಂತ ಕೇಳಿ. ಮಕ್ಕಳಿಗೆ ಇಟ್ಟುಕೊಳ್ಳುತ್ತಿದ್ದ ಹಾಲೂ ಡೈರಿಗೆ ಹೋಯಿತಾ, ಜ್ವರ ಬಂದಾಗ ಆಸ್ಪತ್ರೆ ಮುಂದಕ್ಕೆ ಹೋಯಿತಾ. ಇದನ್ನೆಲ್ಲ ಗುಂಪಿನ ಎದುರು ಯಾರೂ ಹೇಳುವುದಿಲ್ಲ. ಒಬ್ಬರು ಕಟ್ಟದಿದ್ದರೆ ಉಳಿದವರು ತುಂಬಬೇಕಲ್ವಾ, ಅವರ ಮುಂದೆ ಕಷ್ಟ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ವಸೂಲಿ ಚೆನ್ನಾಗಿದೆ ಅನ್ನುವ ಮಾತನ್ನು ನಮ್ಮ ಕಡೆಯವರಂತೂ ನಂಬಬಾರದು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಲ್ಲಿ ಜನ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ರೇಷ್ಮೆ ಕೆಲಸ ಬಿದ್ದಿತ್ತು, ಒಂದೊಂದು ಮನೆಯಲ್ಲಿ ಹಲವು ಸಾಲ ಇತ್ತು. ಅದಕ್ಕೂ ಮುಂಚಿನ ವಸೂಲಿ ಲೆಕ್ಕ ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ತುಮಕೂರಿನಿಂದ (ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ)

ಮೇಲಿನವರು ಹೇಳಿದ್ದು ಸರಿ. ನಾನು ಇನ್ನೊಂದು ಬದಿ ಹೇಳುತ್ತೇನೆ. ಒಂದು ಮನೆಯಲ್ಲಿ ನಿಜವಾಗಿಯೂ ಆದಾಯ ಜಾಸ್ತಿ ಆಗಿದೆ ಅಂದುಕೊಳ್ಳಿ. ಅದು ಸಾಲದಿಂದಲೇ ಆಯಿತು ಅಂತ ಹೇಗೆ ಹೇಳುತ್ತೀರಿ? 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆಗಸ್ಟ್‌ನಿಂದ ಗೃಹಲಕ್ಷ್ಮಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನೀವು ಹೋಗುವ ಮನೆಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಸಾಲ ಪಡೆಯದ ಮನೆಗೂ ಅದು ಬಂದಿದೆ. ಹಾಗಾಗಿ ಅದೇ ಊರಿನಲ್ಲಿ, ಅದೇ ಸ್ಥಿತಿಯ, ಸಾಲ ಪಡೆಯದ ಒಂದಷ್ಟು ಮನೆಗಳನ್ನೂ ನೋಡಲೇಬೇಕು.

ಅದೂ ಸಾಲದು. ಸಾಲ ಕೇಳಿಕೊಂಡು ಬರುವವರು ಮೊದಲೇ ಸ್ವಲ್ಪ ಧೈರ್ಯದವರು, ಏನಾದರೂ ಮಾಡೋಣ ಅನ್ನುವವರು. ಅವರನ್ನು ಸುಮ್ನೆ ಪಕ್ಕದ ಮನೆಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಇದನ್ನು ಬಗೆಹರಿಸಲೆಂದೇ ಹೈದರಾಬಾದಿನಲ್ಲಿ ಒಂದು ದೊಡ್ಡ ಅಧ್ಯಯನ ಆಯಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಮಾಡಿದ್ದು. 104 ಬಡ ಬಡಾವಣೆಗಳಲ್ಲಿ ಅರ್ಧವನ್ನು ಲಾಟರಿ ಹಾಕಿದ ಹಾಗೆ ಆರಿಸಿ, ಅಲ್ಲಿ ಮಾತ್ರ ಮೊದಲು ಸಾಲದ ಶಾಖೆ ತೆರೆಯಿತು. ಒಂದೂಕಾಲು, ಒಂದೂವರೆ ವರ್ಷದ ನಂತರ ಎರಡೂ ಕಡೆ ಮನೆ ಮನೆಗೆ ಹೋಗಿ ಕೇಳಿದರು. ಮೊದಲೇ ಅಂಗಡಿ, ಕಸುಬು ಇದ್ದವರು ಅದಕ್ಕೆ ಇನ್ನಷ್ಟು ಬಂಡವಾಳ ಹಾಕಿದ್ದರು. ಬಾಳಿಕೆ ಬರುವ ಸಾಮಾನು ಕೊಂಡಿದ್ದರು. ಟೀ, ಬೀಡಿಯಂಥ ಚಿಲ್ಲರೆ ಖರ್ಚು ಕಡಿಮೆ ಆಗಿತ್ತು. ಆದರೆ ಮನೆಯ ಒಟ್ಟು ಖರ್ಚು, ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಇದರ ಜೊತೆಗೇ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ದೇಶಗಳ ಅಧ್ಯಯನಗಳೂ ಪ್ರಕಟವಾದವು. ಎಲ್ಲೂ ಬಡತನವೇ ಹೋಯಿತು ಅನ್ನುವ ಫಲ ಬರಲಿಲ್ಲ.

ಇದೆಲ್ಲ ಸರಾಸರಿ ಮಾತು, ನೆನಪಿರಲಿ. ಸರಾಸರಿ ಸೊನ್ನೆ ಅಂದರೆ ಯಾರಿಗೂ ಏನೂ ಆಗಿಲ್ಲ ಅಂತಲ್ಲ. ಹತ್ತು ಮನೆ ಮೇಲೆದ್ದು ಹತ್ತು ಮನೆ ಮುಳುಗಿದರೂ ಸರಾಸರಿ ಸೊನ್ನೆಯೇ. ನಿಮ್ಮ 150 ಮನೆಯಲ್ಲಿ ಯಾರು ಎದ್ದರು, ಯಾರು ಮುಳುಗಿದರು ಅಂತ ಬೇರೆ ಬೇರೆ ಮಾಡಿ ಬರೆದರೆ ಅದೇ ದೊಡ್ಡ ಕೆಲಸ. ಮನೆ, ಓದು, ಸಾಮಾನು ಕುರಿತ ಹತ್ತು ಪ್ರಶ್ನೆಗಳ ಬಡತನ ಅಂಕಪಟ್ಟಿಯೂ ಬಳಕೆಯಲ್ಲಿದೆ. ಸಾಲ ನಿಜವಾಗಿ ಬಡವರಿಗೆ ತಲುಪಿದೆಯಾ ಅಂತ ನೋಡಲು ಅದು ಚೆನ್ನಾಗಿದೆ. ಕಾರಣ ಏನು ಅಂತ ಅದು ಹೇಳುವುದಿಲ್ಲ.

ಮುಳಬಾಗಿಲಿನಿಂದ (ಸಾಲ ಪಡೆದವಳು, ನಮ್ಮ ಸಂಘದ ಲೆಕ್ಕ ಬರೆಯುವವಳು)

ನಮ್ಮ ಮನೆಗೆ ಎರಡು ಸಲ ಇಂಥ ಸರ್ವೆ ಬಂದಿದೆ. ಎರಡೂ ಸಲ ಕಂತಿನ ದಿನ, ಸೆಂಟರ್ ಮನೆಯಲ್ಲೇ. ನಾನೂ ಹೌದು ಹೌದು ಅಂದೆ. ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದ ಮೇಲೆ ಬನ್ನಿ, ಒಬ್ಬರೇ ಬನ್ನಿ, ಮಾತಾಡುತ್ತೇವೆ.

ಯಾವ ತಿಂಗಳು ಬರುತ್ತೀರಿ ಅನ್ನುವುದೂ ಮುಖ್ಯ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ದಾಟಿತ್ತು. ಆ ತಿಂಗಳು ಕೇಳಿದ್ದರೆ ಟೊಮೆಟೊ ಇಟ್ಟವರೆಲ್ಲ ಸಾಲದಿಂದ ಉದ್ಧಾರ ಆದರು ಅಂತ ಬರೆದುಕೊಳ್ಳುತ್ತಿದ್ದರು. ಅದೇ ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷಗಳನ್ನೂ ನಾವು ನೋಡಿದ್ದೇವೆ.

ಇನ್ನೊಂದು ಮಾತು ಅಕ್ಕ. ನಿಮಗೆ ಕೊಟ್ಟಿರುವ ಪಟ್ಟಿಯಲ್ಲಿ ಈಗ ಸಂಘದಲ್ಲಿ ಇರುವವರ ಹೆಸರಷ್ಟೇ ಇರುತ್ತದೆ. ನಮ್ಮ ಬೀದಿಯಲ್ಲಿ ಒಂದು ಮನೆಯವರು ಕಂತು ಕಟ್ಟಲಾಗದೆ ರಾತ್ರೋರಾತ್ರಿ ಬೀಗ ಹಾಕಿಕೊಂಡು ಬೆಂಗಳೂರಿಗೆ ಹೋದರು. ಬಾಗಿಲ ಮುಂದಿನ ತುಳಸಿ ಒಣಗಿ ನಿಂತಿದೆ. ಅವರನ್ನು ಯಾವ ಫಾರಂ ಕೇಳುತ್ತದೆ? ಮೂರು ವರ್ಷದ ಹಿಂದಿನ ಪಟ್ಟಿ ಇಸ್ಕೊಂಡು ಹೋಗಿ.

ಚಿಂತಾಮಣಿಯಿಂದ ಮತ್ತೆ

ಈ ಅಕ್ಕ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಬಿಟ್ಟುಹೋದವರ ಪಟ್ಟಿ ಖಂಡಿತ ಕೇಳಿ ಮೇಡಂ.

ಒಂದು ಸುಲಭದ ಲೆಕ್ಕವೂ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವುದೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಪ್ರತಿ ಮನೆಯಲ್ಲೂ ಇದನ್ನು ನೀವೇ ಕೂಡಿ ನೋಡಿ. ಕಂಪನಿಯವರ ಲೆಕ್ಕದಲ್ಲಿ ಗಿರವಿ ಅಂಗಡಿ, ಚೀಟಿ, ಕೈಸಾಲ ಬರುವುದಿಲ್ಲ. ನೀವು ಸೇರಿಸಿ. ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟರೆ ವರದಿಯ ಮುಖ್ಯ ಪುಟ ಅದೇ.

ಮತ್ತೆ, ಯಾರು ಏನು ಹೇಳಿದರು ಅಂತ ಶಾಖೆಗೆ ಗೊತ್ತಾಗಲೇಬಾರದು. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯ ಕಾನೂನು ತಂದಿದೆ, ನಿಜ. ಆದರೂ ಹಳ್ಳಿಯಲ್ಲಿ ಜನ ಹೆದರುವುದು ಮುಂದಿನ ಸಾಲ ತಪ್ಪುತ್ತದೆ ಅಂತ.

ಗೌರಿಬಿದನೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಾಯಂಕಾಲ ಆ ಹನ್ನೆರಡರಲ್ಲಿ ಮೂರು ಮನೆಗೆ ಒಬ್ಬಳೇ ಮತ್ತೆ ಹೋದೆ. ಫಾರಂ ಚೀಲದಿಂದ ತೆಗೆಯಲಿಲ್ಲ. ಒಬ್ಬರು ಸಾಲದಲ್ಲಿ ತಂದ ಸೀಮೆಹಸು ತೋರಿಸಿದರು, ಬಟವಾಡೆಯಲ್ಲಿ ಕಂತು ಹೋಗಿ ದುಡ್ಡು ಉಳಿಯುತ್ತಿದೆ, ಮುಖದಲ್ಲೇ ಗೊತ್ತಾಗುತ್ತಿತ್ತು. ಇನ್ನೊಬ್ಬರು ಸಾಲದ ದುಡ್ಡು ಮಗಳ ಮದುವೆಗೆ ಹೋಯಿತು ಅಂದರು. ಮೂರನೆಯವರು ಮುಂದಿನ ಲೋನ್ ಕೇಳಿದ ಅಮ್ಮ. ಹೋದ ವಾರದ ಕಂತು ಎಲ್ಲಿಂದ ಬಂತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲು ಮುಂದಕ್ಕೆ ಎಳೆದು, “ಕೂತ್ಕೋ ಬಾ” ಅಂದರು. ಎದ್ದು ಬರುವಾಗ ಎಂಟೂವರೆ ಆಗಿತ್ತು.

ಮೂರು ವರ್ಷದ ಹಿಂದಿನ ಪಟ್ಟಿಗೆ ಶಾಖೆಯಲ್ಲಿ ಬರೆದುಕೊಟ್ಟಿದ್ದೇನೆ. ಸೋಮವಾರ ಬಾಗೇಪಲ್ಲಿ ಕಡೆ ಹೋಗುತ್ತೇನೆ. ಸಾಲ ಪಡೆಯದ ಮನೆಗಳನ್ನು ಆರಿಸುವುದು ಹೇಗೆ ಅಂತ ತುಮಕೂರಿನ ಸಾರ್ ಸ್ವಲ್ಪ ಬಿಡಿಸಿ ಹೇಳುತ್ತೀರಾ?