ಅಂಟು ಹಾಳೆಯ ಆಲ್ಬಮ್‌ನಿಂದ ಮನೆಯ ಫೋಟೋಗಳನ್ನು ಬಿಡಿಸಿ ಹೊಸ ಪುಟ ಕಟ್ಟುವುದು ಹೇಗೆ?

ಪ್ರಶ್ನೆ – ಬದಿಯಡ್ಕದ ಸೊಸೆ

ನಮ್ಮ ತರವಾಡು ಮನೆಯ ಅಟ್ಟದಲ್ಲಿ ಎರಡು ಆಲ್ಬಮ್‌ಗಳೂ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟ ನೂರಕ್ಕೂ ಹೆಚ್ಚು ಬಿಡಿ ಫೋಟೋಗಳೂ ಸಿಕ್ಕಿವೆ. ಒಂದು ಆಲ್ಬಮ್ ಕಪ್ಪು ಹಾಳೆಯದು, ನಡುನಡುವೆ ಬೆಣ್ಣೆಕಾಗದವಿದೆ; ಅದರ ಚಿತ್ರಗಳು ಇಂದಿಗೂ ಚೆನ್ನಾಗಿವೆ. ಇನ್ನೊಂದು, ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬಂದವರು ತಂದುಕೊಟ್ಟದ್ದು, ಅಂಟು ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಬಗೆಯದು. ಅದರ ಪುಟಗಳು ಕಂದಿವೆ, ಫೋಟೋಗಳು ಎಬ್ಬಿಸಲು ಬಾರದಂತೆ ಕಚ್ಚಿಕೊಂಡಿವೆ.

ಅತ್ತೆಯವರಿಗೆ ಎಂಬತ್ತು ತುಂಬುವ ಮೊದಲು ಇವನ್ನೆಲ್ಲ ಕ್ರಮವಾಗಿ ಜೋಡಿಸಿ, ಪುಟಕ್ಕೆ ನಾಲ್ಕು ಸಾಲು ಬರೆದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಬೇಕೆಂದಿದ್ದೇನೆ. ಕಳೆದ ವರ್ಷ ಪೇಟೆಯ ಒಂದು ಅಂಗಡಿಗೆ ಹತ್ತು ಫೋಟೋ ಕೊಟ್ಟು ನೋಡಿದೆ. ಅವರು ಮೂಲ ಫೋಟೋಗಳನ್ನೇ ಹೃದಯದ ಆಕಾರಕ್ಕೆ ಕತ್ತರಿಸಿ ಮಿನುಗು ಕಾಗದಕ್ಕೆ ಅಂಟಿಸಿಬಿಟ್ಟಿದ್ದರು. ಅಜ್ಜನ ಹಿಂದೆ ಗೋಡೆಯಲ್ಲಿ ತೂಗುತ್ತಿದ್ದ, ತಿಂಗಳು ಓದಲು ಬರುತ್ತಿದ್ದ ಕ್ಯಾಲೆಂಡರ್ ಕತ್ತರಿಯ ಪಾಲಾಯಿತು. ಹಾಗಾಗಿ ನಾನೇ ಮಾಡಲು ಹೊರಟಿದ್ದೇನೆ. ಕಚ್ಚಿಕೊಂಡದ್ದನ್ನು ಬಿಡಿಸುವ ಬಗೆ, ಬಳಸಬಹುದಾದ ಕಾಗದ ಮತ್ತು ಅಂಟು, ಇಸವಿ ತಿಳಿಯದ ಚಿತ್ರಗಳನ್ನಿಡುವ ಕ್ರಮ, ಇವನ್ನು ಬಲ್ಲವರು ತಿಳಿಸಬೇಕು.

ಉತ್ತರ – ಪೆರ್ಲದ ನಿವೃತ್ತ ಗ್ರಂಥಪಾಲಕ

ಆಟಿಯ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಫೋಟೋದ ಚಿತ್ರ ನಿಂತಿರುವುದು ಜೆಲಾಟಿನ್ ಪದರದಲ್ಲಿ. ತೇವ ಹೀರಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಬೂಷ್ಟಿಗೂ ಅದೇ ಆಹಾರ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯೇ ನಮ್ಮ ಊರಿಗೆ ಸರಿಯಾದ ಕಾಲ.

ಬಿಡಿಸುವ ಮೊದಲು ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ, ಏಕೆಂದರೆ ಯಾರ ಪಕ್ಕದಲ್ಲಿ ಯಾರಿದ್ದರೆಂಬ ಕ್ರಮವೇ ಎಷ್ಟೋ ಸಲ ಗುರುತು ಹಿಡಿಯಲು ನೆರವಾಗುತ್ತದೆ. ಬಳಿಕ ಹಲ್ಲಿನ ಸಂದು ಶುಚಿಗೊಳಿಸುವ ದಾರವನ್ನು (ಮೇಣ ಸವರದ ಬಗೆಯನ್ನು) ಫೋಟೋದ ಒಂದು ಮೂಲೆಯಡಿ ತೂರಿಸಿ, ಎರಡೂ ತುದಿ ಹಿಡಿದು, ಗರಗಸದಂತೆ ಮೆಲ್ಲನೆ ಆಚೀಚೆ ಎಳೆಯುತ್ತ ಹೋಗಿ. ಫೋಟೋವನ್ನು ಬಾಗಿಸಬಾರದು, ಬಾಗಿದಲ್ಲಿ ಜೆಲಾಟಿನ್ ಬಿರುಕು ಬಿಡುತ್ತದೆ. ಏನು ಮಾಡಿದರೂ ಬಾರದಿದ್ದರೆ ಹಟ ಬೇಡ, ಅದರ ಸುತ್ತಲಿನ ಆಲ್ಬಮ್ ರಟ್ಟನ್ನೇ ಕತ್ತರಿಸಿ ಹಾಗೆಯೇ ಇಡಿ.

ಹೊಸ ಪುಟಕ್ಕೆ ಆಮ್ಲರಹಿತ ಕಾಗದವೇ ಬೇಕು. ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶದಿಂದಾಗಿ ಹಳೆಯ ಪತ್ರಿಕೆಯಂತೆ ಪುಟ ಹಳದಿಯಾಗುತ್ತದೆ. ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತ: ಫೋಟೋಗೆ ಅಂಟೇ ಬೇಡ. ಅದೇ ಕಾಗದದ ಪಟ್ಟಿಯನ್ನು ತ್ರಿಕೋನವಾಗಿ ಮಡಚಿ ನಾಲ್ಕು ಮೂಲೆಚೀಲ ಮಾಡಿ, ಚೀಲವನ್ನು ಮಾತ್ರ ಪುಟಕ್ಕೆ ಅಂಟಿಸಿ. ಮೈದಾ ಅಂಟು ಬೇಡ, ಬೆಳ್ಳಿಹುಳಕ್ಕೆ ಊಟ ಬಡಿಸಿದಂತಾಗುತ್ತದೆ. ಹುಳದ ಹೆದರಿಕೆಯಿಂದ ಒಳಗೆ ನುಸಿಗುಳಿಗೆಯನ್ನೂ ಇಡಬೇಡಿ.

ಉತ್ತರ – ಕುಂಬಳೆಯ ಹಳೆ ವಿದ್ಯಾರ್ಥಿ

ಇಸವಿಯ ಪ್ರಶ್ನೆಗೆ ಫೋಟೋದ ಬೆನ್ನೇ ಉತ್ತರ ಕೊಡುತ್ತದೆ. ಸ್ಟುಡಿಯೋಗಳು ಹಿಂಬದಿಯಲ್ಲಿ ವಿಳಾಸದ ಮೊಹರು ಒತ್ತುತ್ತಿದ್ದುದರಿಂದ, ಮೂರು ಸಲ ಜಿಲ್ಲೆ ಬದಲಾದ ನಮ್ಮ ಕಾಸರಗೋಡಿನ ಕಡೆಯವರಿಗೆ ಅದೊಂದು ಅನುಕೂಲ. ಕಾಸರಗೋಡಿನ ವಿಳಾಸದ ಮುಂದೆ ಸೌತ್ ಕೆನರಾ ಎಂದಿದ್ದರೆ ಆ ಮೊಹರು 1956ರ ನವೆಂಬರ್ 1ಕ್ಕಿಂತ ಮೊದಲು ಮಾಡಿಸಿದ್ದು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರ ಈಚಿನದು. ಕಾಸರಗೋಡು ಜಿಲ್ಲೆ ಎಂದಿದ್ದರೆ 1984ರ ಮೇ 24ರ ನಂತರದ್ದು. ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ಕ್ಕೂ ಈಚಿನದೆಂದು ತಿಳಿಯಿರಿ. ಹಳೆಯ ಮೊಹರನ್ನೇ ಸವೆಯುವವರೆಗೆ ಒತ್ತುವವರೂ ಇದ್ದಾರು, ಆದ್ದರಿಂದ ಸೌತ್ ಕೆನರಾ ಎಂಬುದನ್ನು ಪೂರ್ತಿ ನಂಬಬೇಡಿ. ಆದರೆ ಹುಟ್ಟದ ಜಿಲ್ಲೆಯ ಹೆಸರನ್ನು ಮುಂಚಿತವಾಗಿ ಒತ್ತಿರಲಾರರು. ಮಂಗಳೂರಿಗೆ ಹೋಗಿ ತೆಗೆಸಿಕೊಂಡ ಚಿತ್ರಗಳಿಗೆ ಈ ಲೆಕ್ಕ ಅನ್ವಯಿಸದು.

ಉತ್ತರ – ಮಂಜೇಶ್ವರದಿಂದ

ಅಲಂಕಾರದ ಆಸೆಯಿದ್ದರೆ ಪ್ರತಿಗಳನ್ನು ಕತ್ತರಿಸಿ. ಎರಡಕ್ಕೆ ಮೂರು ಇಂಚಿನ ಪುಟ್ಟ ಫೋಟೋವನ್ನು 600 ಡಿಪಿಐಯಲ್ಲಿ (ಅಂದರೆ ಇಂಚಿಗೆ 600 ಚುಕ್ಕಿಯಂತೆ) ಸ್ಕ್ಯಾನ್ ಮಾಡಿದರೆ, 300 ಡಿಪಿಐಯಲ್ಲಿ ನಾಲ್ಕಕ್ಕೆ ಆರು ಇಂಚಿನ ಅಳತೆಗೆ ಸ್ಪಷ್ಟವಾಗಿ ಅಚ್ಚಾಗುತ್ತದೆ. ಹೆಸರು ಬರೆಯುವಾಗ ಮನೆಹೆಸರನ್ನೂ ಸೇರಿಸಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವುದರಿಂದ ಬರಿಯ ಹೆಸರಿನಿಂದ ಏನೂ ತಿಳಿಯದು. ಫೋಟೋದ ಬೆನ್ನಿಗೆ ಬಾಲ್‌ಪೆನ್ ಒತ್ತಿದರೆ ಗೀರು ಮುಂಬದಿಗೆ ಮೂಡುತ್ತದೆ, ಆದ್ದರಿಂದ ಬರಹ ಪುಟದಲ್ಲಿಯೇ ಇರಲಿ.

ಬದಿಯಡ್ಕದ ಸೊಸೆ

ಎಲ್ಲರಿಗೂ ಧನ್ಯವಾದಗಳು. ಡಬ್ಬದಲ್ಲಿದ್ದ ಒಂದು ಫೋಟೋವನ್ನು 1955ರಲ್ಲಿ ನಡೆದ ದೊಡ್ಡತ್ತೆಯ ಮದುವೆಯದೆಂದು ಮನೆಮಂದಿಯೆಲ್ಲ ನಂಬಿದ್ದೆವು. ಇಂದು ತಿರುಗಿಸಿ ನೋಡಿದರೆ ನೀಲಿ ಮೊಹರಿನಲ್ಲಿ ಕಣ್ಣೂರು ಜಿಲ್ಲೆ ಎಂದಿದೆ, ಪಿನ್ ಕೋಡ್ ಇಲ್ಲ. ಅತ್ತೆಯವರಿಗೆ ತೋರಿಸಿದಾಗ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, ಇದು ಅಕ್ಕನ ಮದುವೆಯಲ್ಲ, ತನ್ನದೇ, ಉಟ್ಟದ್ದು ಮಾತ್ರ ಅಕ್ಕನ ಧಾರೆಸೀರೆ ಎಂದರು. ಆ ಪುಟಕ್ಕೆ ಅವರ ಮಾತನ್ನೇ ಬರೆದಿದ್ದೇನೆ. ಫೋಟೋವನ್ನು ಮೂಲೆಚೀಲದಲ್ಲಿ ಕೂರಿಸಿದ್ದೇನೆ.